ಬಸವಣ್ಣೆಪ್ಪನ ದ್ವೀಪೋಪವಾಸ

ಚಾಟ್ಸ್‌ವುಡ್ಡಿನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದ ಬಸವಣ್ಣೆಪ್ಪ, ಒಂದು ಶನಿವಾರ ಮಧ್ಯಾಹ್ನ ಸಂಬಳವಿಲ್ಲದೆ ಮನುಷ್ಯರ ತಪ್ಪನ್ನೂ ಹುಡುಕಲು ಹೊರಟದ್ದೇ ಇಷ್ಟಕ್ಕೆಲ್ಲ ಮೂಲ.

ಅಂದು ಸಿಡ್ನಿಯ ಕನ್ನಡ ಬಳಗದ ಸಂಕ್ರಾಂತಿ. ಪಂಚಾಂಗದ ಸಂಕ್ರಾಂತಿ ಕಳೆದು ಮೂರು ವಾರವಾಗಿತ್ತು ನಿಜ. ಆದರೆ ಸಿಡ್ನಿಯಲ್ಲಿ ಸೂರ್ಯ ಪಥ ಬದಲಿಸುವುದು ಶಾಲೆಯ ಹಾಲ್ ಬಾಡಿಗೆಗೆ ಸಿಕ್ಕ ಶನಿವಾರವೇ. ಬಿಸಿಬೇಳೆಬಾತು ಸಾಕಷ್ಟಿತ್ತು, ಮೊಸರನ್ನ ಮಿಕ್ಕಿತು, ಗಸಗಸೆ ಪಾಯಸ ಮಾತ್ರ ಸಾಲಿನಲ್ಲಿ ಕೊನೆಯ ನಲವತ್ತು ಜನ ಬಾಕಿಯಿರುವಾಗಲೇ ಮುಗಿಯಿತು. ಬಳಗದ ಅಧ್ಯಕ್ಷ ಶ್ರೀಕಂಠಯ್ಯನವರು, ಏಪ್ರನ್ ಕಟ್ಟಿಕೊಂಡು ಸೌಟು ಹಿಡಿದು ನಿಂತಿದ್ದ ಬಸವಣ್ಣೆಪ್ಪನ ಕೈಗೆ ಮೈಕು ಕೊಟ್ಟು, "ಪಾಯಸ ಮುಗೀತು, ಕ್ಷಮಿಸ್ಬೇಕು ಅಂತ ಒಂದು ಮಾತು ಹೇಳ್ಬಿಡಪ್ಪ" ಎಂದರು. ಬಸವಣ್ಣೆಪ್ಪ ಆ ಒಂದು ಮಾತನ್ನು ಹೇಳಿದ. ಆಮೇಲೆ ಹದಿನೆಂಟು ನಿಮಿಷ ಮೈಕು ಬಿಡಲಿಲ್ಲ.

ಊಟ ಎಂಬುದು ಹೊಟ್ಟೆಯ ವ್ಯವಹಾರವಲ್ಲ, ಅಂತಸ್ತಿನ ವ್ಯವಹಾರ ಎಂದ. ತನ್ನ ಊರು ನವಲಗುಂದದಲ್ಲಿ, ತನ್ನ ತಾಯಿ ಶಿವಲಿಂಗವ್ವನ ಪಂಕ್ತಿಯಲ್ಲಿ, ಮೊದಲ ಸಲಕ್ಕೆ 'ಹೂಂ' ಎಂದವರನ್ನು ಯಾರೂ ಎರಡನೆಯ ಸಲ ಮರ್ಯಾದೆಯಿಂದ ನೋಡುತ್ತಿರಲಿಲ್ಲ ಎಂದ. ಪಾಯಸ ಸಿಕ್ಕವರು ಚಪ್ಪಾಳೆ ತಟ್ಟಿದರು. ಸಿಗದವರು ಇನ್ನೂ ಜೋರಾಗಿ ತಟ್ಟಿದರು. ಶ್ರೀಕಂಠಯ್ಯನವರಂತೂ ಮೈಕು ಕಸಿದುಕೊಳ್ಳಲು ಬೇರೆ ಉಪಾಯ ಕಾಣದೆ, "ಇದನ್ನೇ ಬಳಗದ ಪತ್ರಿಕೆಗೆ ಬರ್ದುಕೊಡಪ್ಪ" ಎಂದುಬಿಟ್ಟರು. 'ಪಂಕ್ತಿಯ ಗಾಂಭೀರ್ಯ' ಎಂಬ ಲೇಖನ ಫೋಟೋ ಸಮೇತ ಪ್ರಕಟವಾಯಿತು. ಅದರ ಕೊನೆಯ ವಾಕ್ಯ ಹೀಗಿತ್ತು: 'ನಿಜವಾದ ಸುಸಂಸ್ಕೃತನು ಮೂರನೆಯ ಒತ್ತಾಯಕ್ಕೆ ಮೊದಲು ತುತ್ತು ಮುಟ್ಟುವುದಿಲ್ಲ.'

ಪತ್ರಿಕೆಯ ಒಂದು ಪ್ರತಿ ಮೆಲ್ಬರ್ನಿಗೂ ಹೋಯಿತು. ಅಲ್ಲಿ ಬಾಕ್ಸ್ ಹಿಲ್‌ನಲ್ಲಿ ಬಸವಣ್ಣೆಪ್ಪನ ಷಡ್ಡಕ ಸಂಪತ್ ಇದ್ದ. ಬಸವಣ್ಣೆಪ್ಪನ ಹೆಂಡತಿ ಕೃಪಾಳ ತಂಗಿ ಪ್ರಾರ್ಥನಾಳ ಗಂಡ, ಬೆಂಗಳೂರಿನವ, ಹೊಟ್ಟೆ ಸ್ವಲ್ಪ ಮುಂದೆ, ಮಾತು ಅದಕ್ಕಿಂತ ಮುಂದೆ. ಸಂಕ್ರಾಂತಿಯ ದಿನ ಸಿಡ್ನಿಗೆ ಅತಿಥಿಯಾಗಿ ಬಂದಿದ್ದು ಅದೇ ಹಾಲಿನಲ್ಲಿ ಅವನೂ ಇದ್ದ. ಪತ್ರಿಕೆ ಕೈಸೇರಿದ ಸಂಜೆಯೇ ಫೋನ್ ಬಂತು.

"ಭಾವ, ಆರ್ಟಿಕಲ್ ಓದ್ದೆ. ಫೋಟೋ ಸಖತ್ತಾಗ್ ಬಂದಿದೆ. ನಾಲ್ಕು ಲೋಟ ಪಾಯಸ ಕುಡಿದೋನ ಹೆಸರೂ ಹಾಕ್ಬಿಡ್ಬೇಕಿತ್ತು."

"ಏ, ನಿನಗ ಅಂದಿದ್ದಲ್ಲಪಾ. ಒಟ್ಟ ಸಮಾಜಕ್ಕ ಅಂದೀನಿ."

"ಸಮಾಜದಲ್ಲಿ ನಾಲ್ಕು ಲೋಟ ಕುಡಿದೋನು ನಾನೊಬ್ನೇ, ಭಾವ."

ಸಂಪತ್ ಅಷ್ಟಕ್ಕೇ ಬಿಡದೆ ಮುಂದುವರಿಸಿದ. "ಇರ್ಲಿ ಬಿಡಿ. ಈಸ್ಟರ್‌ಗೆ ಲಾಂಗ್ ವೀಕೆಂಡ್ ಇದೆ. ಕ್ವೀನ್ಸ್‌ಲ್ಯಾಂಡ್ ಕಡೆ ಒಂದು ಪುಟ್ಟ ಐಲ್ಯಾಂಡ್ ರಿಸಾರ್ಟ್ ನೋಡಿದೀನಿ. ನಾಲ್ಕೂ ಜನಕ್ಕೆ ಬುಕ್ ಮಾಡ್ತೀನಿ. ಊಟ ತಿಂಡಿ ಎಲ್ಲ ಇನ್‌ಕ್ಲೂಡೆಡ್. ಅಲ್ಲಿ ನೋಡೋಣ ನಿಮ್ಮ ಗಾಂಭೀರ್ಯ. ಮೂರು ಸಲ ಒತ್ತಾಯ ಮಾಡೋವರೆಗೂ ಒಂದು ತುತ್ತು ಮುಟ್ಟಬಾರ್ದು. ನೀವಾಗಿ ಕೇಳ್ಲೂಬಾರ್ದು. ಸೋತ್ರೆ, ಏಪ್ರಿಲ್ ಕೊನೇಲಿ ನಿಮ್ಮ ಬಳಗಕ್ಕೆ ಹಾಲ್ ಸಿಕ್ಕಿದೆಯಲ್ಲ, ಆ ಯುಗಾದಿ ಫಂಕ್ಷನ್ನಲ್ಲಿ ಅದೇ ಮೈಕಲ್ಲಿ 'ನಾನು ಹೊಟ್ಟೆಬಾಕ' ಅಂತ ಒಪ್ಕೋಬೇಕು. ಗೆದ್ರೆ ನಾನು ಒಪ್ಕೋತೀನಿ."

ವಿವೇಕವಿದ್ದವನು ಇಲ್ಲಿಗೆ ಫೋನ್ ಇಡುತ್ತಿದ್ದ. ಆದರೆ ಬಸವಣ್ಣೆಪ್ಪನ ಬಳಿ ವಿವೇಕಕ್ಕಿಂತ ಗಟ್ಟಿಯಾದ ಒಂದು ನಂಬಿಕೆಯಿತ್ತು. ಆಸ್ಟ್ರೇಲಿಯಾಕ್ಕೆ ವಿದ್ಯಾರ್ಥಿಯಾಗಿ ಬಂದು ಎಂಟು ವರ್ಷವಾಗಿದ್ದರೂ, ಆಫೀಸಿನಲ್ಲಿ 'ಕಾಫಿ ಬೇಕಾ' ಎಂದವರಿಗೆಲ್ಲ 'ನೋ ನೋ' ಎಂದು ಸಾವಿರಾರು ಕಾಫಿ ಕಳೆದುಕೊಂಡಿದ್ದರೂ, ಆ ನಂಬಿಕೆ ಒಂದು ಕೂದಲಷ್ಟೂ ಅಲ್ಲಾಡಿರಲಿಲ್ಲ.

"ಆಫೀಸಿನ ಮಂದಿ ಗಡಿಬಿಡಿಯೊಳಗ ಎರಡನೇ ಸಲ ಕೇಳಂಗಿಲ್ಲ, ಒಪ್ಪತೀನಿ" ಎಂದು ಅವನು ಕೃಪಾಳಿಗೆ ವಿವರಿಸಿದ. "ಆದ್ರ ಆತಿಥ್ಯದ ದಂಧೇನ ಮಾಡ್ಕೊಂಡ ಮಂದಿ, ಮನಿಗೆ ಬಂದಾಂವಗ ಬರೇ ಒಂದ ಸಲ ಕೇಳಿ ಸುಮ್ನ ಹೋಗ್ತಾರೇನ?"

"ನಾನು ಮದುವೆಯಾದ ಮೇಲೆ ಮೊದಲ್ನೇ ಸಲ ರಜಾ ಅಂತ ಹೋಗ್ತಿದೀನಿ" ಎಂದಳು ಕೃಪಾ. "ನಿಮ್ಮಿಬ್ರ ಪಂದ್ಯಾನ ನನ್ನ ತಟ್ಟೆಗೆ ತರ್ಬೇಡಿ."

ಆದರೂ ಅಕ್ಕನೇ ಅಂಪೈರ್ ಆಗಬೇಕೆಂದು ತಂಗಿ ಹಟ ಹಿಡಿದಳು. ಹೀಗೆ ಎರಡು ಸಾವಿರದ ಏಳನೇ ಇಸವಿಯ ಗುಡ್ ಫ್ರೈಡೇ ದಿನ ಮಧ್ಯಾಹ್ನ, ಸಿಡ್ನಿಯ ಇಬ್ಬರು, ಮೆಲ್ಬರ್ನಿನ ಇಬ್ಬರು, ಅವರಲ್ಲೇ ಒಬ್ಬಳು ಅಂಪೈರ್ ಆಗಿ, ದೋಣಿಯಿಂದ ಇಳಿದರು.

ದ್ವೀಪ ನವಲಗುಂದದ ಸಂತೆಯ ಬಯಲಿಗಿಂತ ತುಸು ದೊಡ್ಡದು. ಸುತ್ತ ಬಳಪದ ಪುಡಿಯಂಥ ಮರಳು, ತೆಂಗಿನ ಮರ, ಮರಕ್ಕೊಂದರಂತೆ ಕಟ್ಟಿದ ಜೋಳಿಗೆಯಂಥ ತೂಗುಹಾಸಿಗೆ, ಹನ್ನೆರಡು ಗುಡಿಸಲು, ನೀರಿನ ಮೇಲೆ ಕಂಬ ನೆಟ್ಟು ಹಲಗೆ ಹಾಸಿದ ಒಂದು ಊಟದ ಜಗಲಿ. ಅಂಗಡಿ ಎಂಬುದಿಲ್ಲ. ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳುವ ಬಫೆಯೂ ಇಲ್ಲ. ಕುಳಿತಲ್ಲಿಗೆ ಬಂದು ಕೇಳಿ, ತಂದು ಕೊಡುವ ಪದ್ಧತಿ. ಇದನ್ನು ಕಂಡು ಬಸವಣ್ಣೆಪ್ಪನ ಮುಖ ಅರಳಿತು. ಸಂಪತ್ತನ ಮುಖ ಅದಕ್ಕಿಂತ ಹೆಚ್ಚು ಅರಳಿದ್ದನ್ನು ಅವನು ಗಮನಿಸಲಿಲ್ಲ. ಗುಡಿಸಲಿಗೆ ಹೋದ ಕೂಡಲೇ ಸಂಪತ್ ಅವರ ಸೂಟ್‌ಕೇಸಿನಿಂದ ಚಕ್ಕುಲಿಯ ಡಬ್ಬಿಯನ್ನೂ ಕರದಂಟಿನ ಪೊಟ್ಟಣವನ್ನೂ ಮುಟ್ಟುಗೋಲು ಹಾಕಿಕೊಂಡು ತನ್ನ ಗುಡಿಸಲಿಗೆ ಸಾಗಿಸಿದ.

ಜಗಲಿಯಲ್ಲಿ ಅವರ ಮೇಜಿಗೆ ಮೆಲಿಸ್ಸಾ ಎಂಬ ಹುಡುಗಿ ಬಂದಳು. ಕಿವಿಯ ಮೇಲೊಂದು ಹೂವು, ಮುಖದ ತುಂಬ ನಗು. ಸಂಪತ್ ಟೊಮ್ಯಾಟೋ ಸೂಪು, ಬೆಳ್ಳುಳ್ಳಿ ಬ್ರೆಡ್ಡು, ಪಾಸ್ತಾ, ಆಮೇಲೊಂದು ಮಾವಿನ ಹಣ್ಣಿನ ಐಸ್‌ಕ್ರೀಮು ಎಂದು ವಿಷ್ಣುಸಹಸ್ರನಾಮದ ಧಾಟಿಯಲ್ಲಿ ಹೇಳಿ ಮುಗಿಸಿದ. ಅಕ್ಕತಂಗಿಯರೂ ಹೇಳಿದರು.

"ಮತ್ತೆ ನಿಮಗೆ?"

ಬಸವಣ್ಣೆಪ್ಪ ಅಂಗೈಯನ್ನು ತಟ್ಟೆಯ ಮೇಲೆ ಕವುಚಿ, ತಲೆಯನ್ನು ತುಸು ಓರೆಮಾಡಿ, "ನೋ ನೋ, ನಥಿಂಗ್, ಥ್ಯಾಂಕ್ಯೂ" ಎಂದ. ನವಲಗುಂದದ ಯಾವ ಮನೆಯಲ್ಲೇ ಆಗಲಿ, ಆ ದನಿಗೆ, ಆ ಓರೆಗೆ, ಎರಡು ಹೋಳಿಗೆ ತುಪ್ಪ ಸಮೇತ ಬೀಳುತ್ತಿದ್ದವು.

"ನೋ ವರೀಸ್" ಎಂದಳು ಮೆಲಿಸ್ಸಾ. ಹೋದಳು.

"ಈಗ ಬರ್ತಾಳ ನೋಡು" ಎಂದ ಬಸವಣ್ಣೆಪ್ಪ.

ಅವಳು ಬಂದಳು, ಸೂಪು ತಂದಳು. ಬಸವಣ್ಣೆಪ್ಪ ಅಂಗೈಯನ್ನು ಮತ್ತೆ ಕವುಚಿ ಎರಡನೆಯ ನಿರಾಕರಣೆಗೆ ಗಂಟಲು ಸರಿಮಾಡಿಕೊಂಡ. ಅವಳು ಅವನ ಕೈಯನ್ನೂ ತಟ್ಟೆಯನ್ನೂ ನೋಡಿದಳು. "ಓ, ಸಾರಿ. ಇದು ನಿಮಗೆ ಅಡ್ಡವಾಗ್ತಿದೆ ಅಲ್ಲವೇ?" ಎಂದು ಕೈಯ ಕೆಳಗಿನ ತಟ್ಟೆಯನ್ನು ಮೆಲ್ಲಗೆ ಎಳೆದುಕೊಂಡು ಹೊರಟುಹೋದಳು. ಅಂಗೈ ಬರಿಯ ಮೇಜಿನ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು.

"ಒಂದ್ ಹೊತ್ತು ಹೋಯ್ತು" ಎಂದು ಬೆರಳು ಎತ್ತಿದ ಸಂಪತ್, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ.

ಸಂಜೆಯ ಊಟಕ್ಕೆ ಬಂದ ಹುಡುಗ ಬೇರೆ. ಬಸವಣ್ಣೆಪ್ಪ 'ನೋ ನೋ' ಎಂದಾಗ ಅವನು ನಿಂತ. ಹುಬ್ಬೆತ್ತಿದ. "ಆರ್ ಯು ಶ್ಯೂರ್?" ಎಂದ. ಬಸವಣ್ಣೆಪ್ಪನ ಎದೆ ಕುಣಿಯಿತು; ಆದರೂ ಶಾಸ್ತ್ರದ ಪ್ರಕಾರ ಇನ್ನೊಂದು 'ನೋ ನೋ' ಬಾಕಿಯಿತ್ತು, ಅದನ್ನು ಹೇಳಿ ಮುಗಿಸಿದ. ಹುಡುಗ ಮೆಚ್ಚುಗೆಯಿಂದ ತಲೆಯಾಡಿಸಿ ಪಕ್ಕದ ಮೇಜಿಗೆ ನಡೆದ.

"ಎರಡಾದ್ವು!" ಎಂದು ಬಸವಣ್ಣೆಪ್ಪ ಹೆಂಡತಿಯ ಕಡೆ ತಿರುಗಿದ. "ಬರ್ಕೋ."

"ಆರ್ ಯು ಶ್ಯೂರ್ ಅನ್ನೋದು ಒತ್ತಾಯ ಅಲ್ಲ ಭಾವ, ಕನ್ಫರ್ಮೇಷನ್" ಎಂದ ಸಂಪತ್. "ಎಟಿಎಂ ಕೂಡ ಕೇಳುತ್ತೆ."

"ದನಿಯೊಳಗ ಒತ್ತಾಯ ಇತ್ತೋ!"

"ಹುಬ್ಬಲ್ಲಿ ಇತ್ತು" ಎಂದಳು ಪ್ರಾರ್ಥನಾ, ಭಾವನ ಮೇಲೆ ಕನಿಕರದಿಂದ.

ಅಂಪೈರ್ ಕೃಪಾ ಚಮಚ ಕೆಳಗಿಟ್ಟು ಆಲೋಚಿಸಿ, ಅದನ್ನು ಅರ್ಧ ಒತ್ತಾಯವೆಂದು ಪರಿಗಣಿಸಬಹುದು, ಆದರೆ ಒಂದು ಹೊತ್ತಿನ ಬಾಕಿಯನ್ನು ಇನ್ನೊಂದು ಹೊತ್ತಿಗೆ ಸೇರಿಸಿಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಳು. ಗುಡಿಸಲಿನಲ್ಲಿ ಚಹಾದ ಪುಡಿ ಸಕ್ಕರೆ ಇದ್ದವು. ಚಹಾ ಊಟವಲ್ಲ ಎಂದು ಸಂಪತ್ ಉದಾರವಾಗಿ ಒಪ್ಪಿದ್ದರಿಂದ ಬಸವಣ್ಣೆಪ್ಪ ಏಳು ಲೋಟ ಚಹಾ ಕುಡಿದು ಮಲಗಿದ.

ಶನಿವಾರ ಬೆಳಿಗ್ಗೆ ಅವನು ಎದ್ದು ಹೊರಗೆ ಬಂದಾಗ, ಸಮುದ್ರ ಎಂಬುದು ಹೆಸರುಕಾಳಿನ ಪಾಯಸದಂತೆ ಹಸಿರಾಗಿ ಅಂಚಿನಲ್ಲಿ ನೊರೆಯಾಗಿ ಕಾಣುತ್ತಿತ್ತು. ಕೃಪಾ ತೆಂಗಿನ ನೆರಳಿನಲ್ಲಿ ಕಾಲು ಚಾಚಿಕೊಂಡು, ತಿಂಡಿಯಿಂದ ತಂದಿದ್ದ ಒಂದು ಚೀಸ್ ಸ್ಯಾಂಡ್‌ವಿಚ್ಚನ್ನು ಮುಂದೆ ಹಿಡಿದಳು.

"ತಗೊಳ್ರೀ. ಸಾಕು ಪಂದ್ಯ."

"ಬ್ಯಾಡ" ಎಂದ ಬಸವಣ್ಣೆಪ್ಪ. ಆಮೇಲೆ ಆಸೆಯಿಂದ, "ಇನ್ನ ಎರಡ ಸಲ ಕೇಳು. ನೀ ಒತ್ತಾಯ ಮಾಡಿದ್ರೂ ನಡೀತದ, ಲೇಖನದೊಳಗ ಇಂಥಾವ್ರ ಮಾಡ್ಬೇಕು ಅಂತ ಬರ್ದಿಲ್ಲ" ಎಂದ.

ಕೃಪಾ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಗಂಡನನ್ನು ನೋಡಿದಳು. "ದಿನಾ ಚಪಾತಿಗೆ ಮೂರು ಸಲ, ಪಲ್ಯಕ್ಕೆ ಮೂರು ಸಲ, ಮಜ್ಜಿಗೆಗೆ ಮೂರು ಸಲ. ನಮ್ಮನೇಲಿ ಇರೋರು ಇಬ್ರು, ಮಾತು ಮಾತ್ರ ಛತ್ರದಷ್ಟು. ರಜಾದಲ್ಲಿ ನಾನು ಒಂದೇ ಸಲ ಕೇಳೋದು. ಕೇಳಿ ಆಯ್ತು." ಎಂದು ಸ್ಯಾಂಡ್‌ವಿಚ್ಚನ್ನು ತಾನೇ ತಿಂದಳು. ನಿಧಾನವಾಗಿ ತಿಂದಳು.

ಹತ್ತು ಗಂಟೆಗೆ ರಿಸಾರ್ಟಿನ ಮ್ಯಾನೇಜರ್ ಗ್ಲೆನಿಸ್ ಬಂದರು. ಐವತ್ತರ ಹೆಂಗಸು, ಖಾಕಿ ಚಡ್ಡಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ. ಬಾಣಸಿಗ ಟೋನಿ ತುಂಬ ನೊಂದಿದ್ದಾನೆ, ಏಳನೇ ಗುಡಿಸಲಿನ ಮಹನೀಯರು ಮೂರು ಹೊತ್ತು ತನ್ನ ಅಡುಗೆ ಮುಟ್ಟಿಲ್ಲವೆಂದು ಬೆಳಗಿನಿಂದ ಯಾರೊಂದಿಗೂ ಮಾತಾಡುತ್ತಿಲ್ಲ ಎಂದರು.

ಬಸವಣ್ಣೆಪ್ಪನಿಗೆ ಗಾಬರಿಯಾಯಿತು. "ನೋ ನೋ! ಅಡುಗೆ ಬಹಳ ಚೆನ್ನಾಗಿದೆ. ವಾಸನೆ ನೋಡಿದ್ದೇನೆ."

"ಹಾಗಾದರೆ ಆರೋಗ್ಯ ಸರಿಯಿಲ್ಲವೇ?"

"ಆರೋಗ್ಯ ಚೆನ್ನಾಗಿದೆ."

"ಧರ್ಮದ ಕಾರಣವೇ?"

"ಅಲ್ಲ, ಅಲ್ಲ. ಇದು ನಮ್ಮ ಕಲ್ಚರ್" ಎಂದ ಬಸವಣ್ಣೆಪ್ಪ, ಇನ್ನು ಮುಂದಿನದನ್ನು ವಿವರಿಸಬೇಕೆಂದು ಉಸಿರೆಳೆದುಕೊಂಡ.

ವಿವರಣೆಗೆ ಅವಕಾಶವೇ ಬರಲಿಲ್ಲ. ಕಲ್ಚರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಗ್ಲೆನಿಸ್ ಅವರ ಮುಖದಲ್ಲಿ ಭಕ್ತಿ ಮೂಡಿತು. ಅವರು ಕಳೆದ ತಿಂಗಳಷ್ಟೇ ಅನ್ಯ ಸಂಸ್ಕೃತಿಗಳನ್ನು ಗೌರವಿಸುವ ಬಗೆಗೆ ಎರಡು ದಿನದ ತರಬೇತಿ ಪಡೆದು ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದ್ದರು. ಸರ್ಟಿಫಿಕೇಟಿಗೆ ತಕ್ಕ ಸಂಸ್ಕೃತಿ ಇದುವರೆಗೆ ದೋಣಿ ಇಳಿದಿರಲಿಲ್ಲ. "ಇನ್ನೊಂದು ಮಾತೂ ಹೇಳಬೇಡಿ. ನಮ್ಮಿಂದ ನಿಮಗೆ ಬಹಳ ಮುಜುಗರವಾಗಿದೆ. ದಯವಿಟ್ಟು ಕ್ಷಮಿಸಿ. ಇನ್ನು ಮುಂದೆ ಹಾಗಾಗದಂತೆ ನಾನು ನೋಡಿಕೊಳ್ಳುತ್ತೇನೆ" ಎಂದು ಕೈ ಜೋಡಿಸಿ ಬಗ್ಗಿ ನಮಸ್ಕಾರ ಮಾಡಿ ಹೋದರು.

"ಕೊನೀಗೂ ಒಬ್ಬರಿಗರ ತಿಳೀತು" ಎಂದು ಬಸವಣ್ಣೆಪ್ಪ ಸಮಾಧಾನಪಟ್ಟ.

ಅರ್ಧ ಗಂಟೆಯ ನಂತರ ಸಂಪತ್ ನಗು ತಡೆಯಲಾರದೆ ಓಡಿಬಂದ. ಅಡುಗೆಮನೆಯ ಬಾಗಿಲಿಗೆ ಕಾಗದ ಅಂಟಿಸಿದ್ದರಂತೆ, ಓದಿಕೊಂಡು ಬಂದಿದ್ದ. ಏಳನೇ ಗುಡಿಸಲಿನ ಮಹನೀಯರಿಗೆ ಅವರ ಸಂಸ್ಕೃತಿಯ ಪ್ರಕಾರ ಆಹಾರದ ಪ್ರಸ್ತಾಪವೇ ಸಲ್ಲದು. ಯಾರೂ ಅವರಿಗೆ ಏನನ್ನೂ ಬೇಕೇ ಎಂದು ಕೇಳಕೂಡದು. ಅವರ ಮುಂದೆ ತಟ್ಟೆ ಹಿಡಿದು ಹಾಯಕೂಡದು.

"ಭಾವ, ಇಲ್ಲೀವರೆಗೂ ಹೊತ್ತಿಗೊಂದ್ಸಲಾನಾದ್ರೂ ಕೇಳ್ತಿದ್ರು" ಎಂದ ಸಂಪತ್. "ಈಗ ಅದೂ ಇಲ್ಲ."

ಮಧ್ಯಾಹ್ನ ಜಗಲಿಗೆ ಹೋದಾಗ ಅವರ ಮೇಜನ್ನು ಒಂದು ಬಿದಿರಿನ ತಡಿಕೆಯಿಂದ ಮರೆಮಾಡಲಾಗಿತ್ತು. ಮೆಲಿಸ್ಸಾ ಉಳಿದ ಮೂವರಿಗೆ ತಡಿಕೆಯ ಹಿಂದಿನಿಂದ ಕೈಚಾಚಿ, ಮೇಲೆ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಕಳ್ಳಸಾಗಣೆಯವರಂತೆ ದಾಟಿಸಿದಳು. ಹುರಿದ ಬೆಳ್ಳುಳ್ಳಿಯ ಪರಿಮಳ ಮಾತ್ರ ಯಾವ ತರಬೇತಿಯನ್ನೂ ಪಡೆದಿರಲಿಲ್ಲ; ಅದು ನೇರವಾಗಿ ಬಂತು.

ಬಸವಣ್ಣೆಪ್ಪ ಎದ್ದು ದಡದಲ್ಲಿ ದೂರ ಹೋಗಿ, ಬಂಡೆಯೊಂದರ ಮೇಲೆ ಕಣ್ಣು ಮುಚ್ಚಿ ಕುಳಿತ. ಕಣ್ಣು ಮುಚ್ಚಿದ್ದು, ತೆರೆದರೆ ಎಲ್ಲವೂ ತಿನ್ನುವ ವಸ್ತುವಿನಂತೆ ಕಾಣುತ್ತಿದ್ದುದರಿಂದ. ಮೋಡ ಇಡ್ಲಿಯಂತೆ, ಕಪ್ಪೆಚಿಪ್ಪು ಕಡುಬಿನಂತೆ. ಕೆಲಹೊತ್ತಿನ ಮೇಲೆ ಪಕ್ಕದಲ್ಲಿ ಯಾರೋ ಉಸಿರಾಡಿದಂತಾಗಿ ನೋಡಿದರೆ, ಒಬ್ಬ ಗಡ್ಡದ ಮನುಷ್ಯ ಪದ್ಮಾಸನ ಹಾಕಿ ಕುಳಿತಿದ್ದ. ಹೆಸರು ಡ್ಯಾರಿಲ್, ಸುವಾಸನೆಯ ಮೇಣದಬತ್ತಿ ಮಾರುವವ, ಮ್ಯಾನೇಜರಿಂದ ವಿಷಯ ತಿಳಿದು ಬಂದಿದ್ದ.

"ಆಸೆಯನ್ನು ನೀವು ಯಾವಾಗ ಬಿಟ್ಟಿರಿ?" ಎಂದು ಕೇಳಿದ ಡ್ಯಾರಿಲ್, ಬಹಳ ಮೆಲ್ಲಗೆ.

"ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ" ಎಂದ ಬಸವಣ್ಣೆಪ್ಪ.

ಈ ನಿಖರತೆ ಡ್ಯಾರಿಲ್‌ನನ್ನು ಅಲ್ಲಾಡಿಸಿಬಿಟ್ಟಿತು. ಅವನು ಇಪ್ಪತ್ತು ವರ್ಷದಿಂದ ಆಸೆ ಬಿಡುತ್ತಿದ್ದ, ಒಮ್ಮೆಯೂ ಹೊತ್ತು ಗೊತ್ತಾಗಿರಲಿಲ್ಲ. ಈ ಶಕ್ತಿ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಬಸವಣ್ಣೆಪ್ಪ ಸತ್ಯವನ್ನೇ ಹೇಳಿದ: ತನ್ನ ತಾಯಿಯಿಂದ, ಬಡಿಸುವಾಗ. ಡ್ಯಾರಿಲ್ ಕಣ್ಣೊರೆಸಿಕೊಂಡ. ಸಂಜೆಯ ಹೊತ್ತಿಗೆ ಬಂಡೆಯ ಸುತ್ತ ಆರು ಜನ ಕುಳಿತಿದ್ದರು, ಆರೂ ಜನ ರಾತ್ರಿಯೂಟ ಬಿಟ್ಟಿದ್ದರು. ಅಡುಗೆಮನೆಯಲ್ಲಿ ಟೋನಿ ಸೌಟು ಎಸೆದ ಸದ್ದು ಬಂಡೆಯವರೆಗೂ ಕೇಳಿಸಿತು.

ಇವರನ್ನೆಲ್ಲ ದೂರದ ಕುರ್ಚಿಯಿಂದ ಒಬ್ಬ ಮುದುಕಿ ನೋಡುತ್ತಿದ್ದಳು. ಕಪ್ಪು ಬಟ್ಟೆ, ಕೈಯಲ್ಲಿ ಮಣಿಸರ. ಸ್ತಾವ್ರೂಲಾ ಎಂದು ಹೆಸರು. ಮೆಲ್ಬರ್ನಿನಲ್ಲಿ ನಲವತ್ತು ವರ್ಷದಿಂದಿರುವ ಗ್ರೀಕ್ ಅಜ್ಜಿ. ಎಂಬತ್ತು ತುಂಬಿದ್ದಕ್ಕೆ ಗಂಡುಮಕ್ಕಳು ಬಲವಂತವಾಗಿ ಇಲ್ಲಿಗೆ ಕರೆತಂದಿದ್ದರು. ಈಸ್ಟರ್ ದಿನ ಚರ್ಚಿಲ್ಲದ ಊರಿಗೆ ತಂದರಲ್ಲ ಎಂದು ಬಂದಾಗಿನಿಂದ ಮಕ್ಕಳೊಂದಿಗೆ ಮಾತು ಬಿಟ್ಟಿದ್ದಳು. ಅವರ ಕಡೆಯವರಿಗೆ ಈಸ್ಟರಿಗೆ ಮುಂಚೆ ನಲವತ್ತು ದಿನ ಕಟ್ಟುನಿಟ್ಟಿನ ವ್ರತ. ಶುಕ್ರವಾರ ಶನಿವಾರವಂತೂ ಬ್ರೆಡ್ಡು ನೀರು ಬಿಟ್ಟರೆ ಬೇರೇನೂ ಮುಟ್ಟುವಂತಿಲ್ಲ. ಇಡೀ ದ್ವೀಪವೇ ಪವಿತ್ರ ದಿನಗಳಲ್ಲಿ ಚಪ್ಪರಿಸುತ್ತಿರುವಾಗ ಒಬ್ಬನಾದರೂ ಉಪವಾಸವಿರುವುದನ್ನು ಕಂಡು ಅವಳಿಗೆ ಸಂತೋಷವಾಗಿತ್ತು. ಬಸವಣ್ಣೆಪ್ಪ ಹಾದುಹೋಗುವಾಗ ಅವನ ಕೆನ್ನೆ ತಟ್ಟಿ, "ಗುಡ್ ಬಾಯ್. ವೆರಿ ಗುಡ್ ಬಾಯ್" ಎಂದಳು. ಪಕ್ಕದಲ್ಲೇ ಕರದಂಟು ಅಗಿಯುತ್ತಿದ್ದ ಸಂಪತ್ತನನ್ನು ಮಾತ್ರ ಬಹಳ ಹೊತ್ತು ದಿಟ್ಟಿಸಿ ನೋಡಿದಳು.

ಆ ನೋಟದ ಪರಿಣಾಮವೋ ಏನೋ, ಸಂಪತ್ತನಿಗೆ ಮೊಟ್ಟಮೊದಲ ಬಾರಿ ಅಳುಕು ಹುಟ್ಟಿತು. ಗುಡಿಸಲಿನ ಮುಂದೆ ಹನ್ನೆರಡನೆಯ ಲೋಟ ಚಹಾ ಕುಡಿಯುತ್ತಿದ್ದ ಭಾವನ ಹತ್ತಿರ ಬಂದು, "ಭಾವ, ಡ್ರಾ ಮಾಡ್ಕೊಂಡ್ಬಿಡೋಣ. ಇಬ್ರೂ ಸೋತಿಲ್ಲ, ಇಬ್ರೂ ಗೆದ್ದಿಲ್ಲ. ಬನ್ನಿ, ಊಟ ಮಾಡಿ" ಎಂದ.

ಇದಕ್ಕಿಂತ ಒಳ್ಳೆಯ ಮಾತನ್ನು ಬಸವಣ್ಣೆಪ್ಪ ಈ ಎರಡು ದಿನದಲ್ಲಿ ಕೇಳಿರಲಿಲ್ಲ. ಆದರೆ ರಕ್ತಕ್ಕಂಟಿದ ಅಭ್ಯಾಸ. ಅವನಿಗರಿವಿಲ್ಲದೆಯೇ ಬಾಯಿ ತೆರೆಯಿತು, "ಬ್ಯಾಡ, ಬ್ಯಾಡ" ಎಂದುಬಿಟ್ಟಿತು.

"ಗ್ರೇಟ್ ಭಾವ ನೀವು" ಎಂದು ಸಂಪತ್ ಹೊರಟುಹೋದ.

"ಏ ಸಂಪತ್! ಇನ್ನೊಮ್ಮೆ ಅನ್ನೋ!" ಎಂಬ ಮಾತು ಅಲೆಯ ಸದ್ದಿನಲ್ಲಿ ಮುಳುಗಿತು.

ಭಾನುವಾರ ಮಧ್ಯಾಹ್ನ. ಜಗಲಿಯಲ್ಲಿ ಹನ್ನೆರಡು ಗುಡಿಸಲಿನವರೂ ಸೇರಿದ್ದರು. ಬಸವಣ್ಣೆಪ್ಪ ತಡಿಕೆಯ ಹಿಂದೆ, ಡ್ಯಾರಿಲ್ ಮತ್ತು ಶಿಷ್ಯರು ಬರಿಯ ನೀರಿನ ಲೋಟಗಳ ಮುಂದೆ. ಟೋನಿ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಸಂಪತ್ ಎರಡನೆಯ ಪಾಸ್ತಾಕ್ಕೆ ಕೈಹಾಕಿದ್ದ.

ಆಗ ಸ್ತಾವ್ರೂಲಾ ಅಜ್ಜಿ ಎದ್ದಳು. ಮೆಲ್ಬರ್ನಿನಿಂದ ತಾನೇ ಮಾಡಿ ತಂದು, ಇಷ್ಟು ದಿನ ಅಡುಗೆಮನೆಯ ಫ್ರಿಜ್ಜಿನಲ್ಲಿ ಕಾವಲಿಟ್ಟಿದ್ದ ದೊಡ್ಡ ತಟ್ಟೆಯನ್ನು ಈಗ ಬಿಸಿ ಮಾಡಿಸಿ ಎತ್ತಿಕೊಂಡಿದ್ದಳು. ಪಾಲಕ್ ಸೊಪ್ಪು, ಉಪ್ಪುಪ್ಪಾದ ಚೀಸು ತುಂಬಿದ ಪದರು ಪದರಿನ ಪೈ. ಚಿರೋಟಿಯಂತೆ ಹೊಂಬಣ್ಣಕ್ಕೆ ತಿರುಗಿತ್ತು. ಅವಳು ನೇರವಾಗಿ ತಡಿಕೆಯ ಕಡೆ ನಡೆದಳು. ಗ್ಲೆನಿಸ್ ಗಾಬರಿಯಿಂದ ಅಡ್ಡಬಂದರು.

"ಮೇಡಂ, ದಯವಿಟ್ಟು! ಅವರಿಗೆ ಕೊಡಕೂಡದು. ಅವರ ಕಲ್ಚರ್!"

"ವಾಟ್ ಕಲ್ಚರ್?" ಎಂದಳು ಅಜ್ಜಿ. "ಫ್ರೈಡೇ ನೋ ಈಟ್, ಗುಡ್. ಸ್ಯಾಟರ್ಡೇ ನೋ ಈಟ್, ವೆರಿ ಗುಡ್. ಟುಡೇ ಈಸ್ಟರ್! ಟುಡೇ ಎವ್ರಿಬಡಿ ಈಟ್!" ಎಂದು ಮೊಣಕೈಯಿಂದ ತಡಿಕೆಯನ್ನು ನೂಕಿದಳು. ತಡಿಕೆ ಸಮುದ್ರಕ್ಕೆ ಬಿತ್ತು.

ಪಕ್ಕದ ಮೇಜಿನ ಖಾಲಿ ತಟ್ಟೆಯೊಂದನ್ನು ಬಸವಣ್ಣೆಪ್ಪನ ಮುಂದೆ ಕುಕ್ಕಿದಳು; ಪೈನ ಒಂದು ಹೋಳು ಅವನ ಮೂಗಿನ ಕೆಳಗೆ ಬಂತು. ಕೃಪಾ ಕುರ್ಚಿಯ ಅಂಚಿಗೆ ಸರಿದಳು.

"ಈಟ್" ಎಂದಳು ಅಜ್ಜಿ.

"ನೋ ನೋ" ಎಂದ ಬಸವಣ್ಣೆಪ್ಪ. ಹಾಗೆನ್ನುವಾಗ ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಈಟ್!"

"ನೋ, ಪ್ಲೀಸ್, ಬ್ಯಾಡ್ರಿ ಅಜ್ಜಿ" ಎಂದು ಅವನು ಅಂಗೈಯನ್ನು ತಟ್ಟೆಯ ಮೇಲೆ ಕವುಚಿದ.

ಅಜ್ಜಿ ಮುಂದೆ ಮಾಡಿದ್ದು ಯಾವ ತರಬೇತಿಯಲ್ಲೂ ಕಲಿಸುವಂಥದ್ದಲ್ಲ. ಅವನ ಮಣಿಕಟ್ಟು ಹಿಡಿದು ಕೈಯನ್ನು ಪಕ್ಕಕ್ಕೆಸೆದು, "ಈಟ್, ಐ ಸೇ! ಲುಕ್, ಸೋ ಥಿನ್! ಯುವರ್ ಮದರ್ ಈಸ್ ಕ್ರೈಯಿಂಗ್!" ಎಂದು ಗದರಿಸಿ, ಒಂದಲ್ಲ, ಎರಡು ಹೋಳು ತಟ್ಟೆಗೆ ಹಾಕಿದಳು.

ಬಸವಣ್ಣೆಪ್ಪ ತಿಂದ. ಅದನ್ನು ವರ್ಣಿಸುವುದು ಪಂಕ್ತಿಯ ಗಾಂಭೀರ್ಯಕ್ಕೆ ತಕ್ಕದ್ದಲ್ಲ. ಅಜ್ಜಿ ಅವನು 'ಸಾಕು' ಎಂದಾಗಲೆಲ್ಲ ಒಂದು ಹೋಳು ಹಾಕಿದಳು, ಅನ್ನದಿದ್ದಾಗಲೂ ಹಾಕಿದಳು.

ಡ್ಯಾರಿಲ್ ಕಂಗಾಲಾಗಿ ಹತ್ತಿರ ಬಂದ. "ಗುರುಗಳೇ, ಇದರ ಅರ್ಥವೇನು?"

ಬಾಯಿ ತುಂಬಿದ್ದರಿಂದ ಬಸವಣ್ಣೆಪ್ಪ ಮಾತಾಡದೆ ಕೈಯಿಂದ ಮೆನು ಕಾರ್ಡು ತೋರಿಸಿದ. ಶಿಷ್ಯರಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಆರೂ ಜನ ಒಟ್ಟಿಗೆ ಮೆಲಿಸ್ಸಾಳನ್ನು ಕರೆದರು. ಟೋನಿ ಹಾಡು ಗುನುಗುತ್ತ ಒಳಗೆ ಓಡಿದ.

"ಇದು ನಡಿಯಲ್ಲ!" ಎಂದು ಸಂಪತ್ ಎದ್ದು ನಿಂತ. "ಅಜ್ಜಿ ಕೇಳ್ಲಿಲ್ಲ, ಆರ್ಡರ್ ಮಾಡಿದ್ರು. ಅದು ಲೆಕ್ಕಕ್ಕಿಲ್ಲ, ಭಾವ ಸೋತ್ರು."

ಕೃಪಾ ಕೈಚೀಲದಿಂದ ಬಳಗದ ಪತ್ರಿಕೆಯನ್ನು ತೆಗೆದು ಬಿಡಿಸಿದಳು. ಗಂಡನ ಲೇಖನವನ್ನು ಅವಳು ಓದಿದ್ದು ಅದೇ ಮೊದಲು. "ಮೂರನೆಯ ಒತ್ತಾಯಕ್ಕೆ ಮೊದಲು ಅಂತ ಬರ್ದಿದೆ. ಮೂರು ಸಲ ಈಟ್ ಅಂದ್ರು, ಎರಡು ಸಲ ಇವ್ರು ಬೇಡ ಅಂದ್ರು. ಇದು ಒತ್ತಾಯ ಅಲ್ಲ ಅಂದ್ರೆ ಇನ್ಯಾವ್ದು ಒತ್ತಾಯ ಸಂಪತ್? ಕೈ ಮುರಿಯೋದೊಂದು ಬಾಕಿ ಇತ್ತು. ನೀವು ಸೋತ್ರಿ. ಯುಗಾದಿ ದಿನ ಬೇಗ ಬನ್ನಿ, ಮೈಕ್ ಟೆಸ್ಟ್ ಮಾಡ್ಬೇಕು."

"ಅಕ್ಕ, ಅವ್ರು ಹೇಳೋದೇನು, ಎಲ್ರಿಗೂ ಗೊತ್ತಿರೋದೇ" ಎಂದಳು ಪ್ರಾರ್ಥನಾ.

ಅಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಹೊಸ ಕಾಗದ ಬಂತು. ಗ್ಲೆನಿಸ್ ಈ ಸಲ ಬಸವಣ್ಣೆಪ್ಪನ ವಿವರಣೆಯನ್ನು ಪೂರ್ತಿ ಕೇಳಿ ಬರೆದುಕೊಂಡಿದ್ದರು. ಪರಿಣಾಮವಾಗಿ ಮೆಲಿಸ್ಸಾ ಮೇಜಿನ ಮುಂದೆ ನೆಟ್ಟಗೆ ನಿಂತು, ಉಸಿರು ಬಿಡದೆ, "ಸೂಪ್ ಬೇಕೇ, ಸೂಪ್ ತೆಗೆದುಕೊಳ್ಳಿ, ಸೂಪ್ ತೆಗೆದುಕೊಳ್ಳಲೇಬೇಕು" ಎಂದು ಒಪ್ಪಿಸುವಳು. ಬಸವಣ್ಣೆಪ್ಪ ನಡುವೆ ಸಂದು ನೋಡಿ ಎರಡು 'ನೋ' ತುರುಕಬೇಕು. ಬ್ರೆಡ್ಡಿಗೊಮ್ಮೆ, ಬೆಣ್ಣೆಗೊಮ್ಮೆ, ಉಪ್ಪಿನ ಡಬ್ಬಿಗೂ ಒಮ್ಮೆ. ಕೃಪಾ ಕೆನ್ನೆಗೆ ಕೈಕೊಟ್ಟು ಇದನ್ನು ನೋಡುತ್ತಿದ್ದಳು. ಇಡೀ ರಜೆಯಲ್ಲಿ ಅವಳಿಗೆ ಇದರಷ್ಟು ಹಿತವೆನಿಸಿದ್ದು ಇನ್ನೊಂದಿರಲಿಲ್ಲ.

ಸೋಮವಾರ ದೋಣಿಗೆ ಮುಂಚಿನ ಊಟದ ಹೊತ್ತಿಗೆ ಅಜ್ಜಿಯ ತಟ್ಟೆಯಲ್ಲಿ ಕೆಲವೇ ಹೋಳು ಉಳಿದಿದ್ದವು. ಮಕ್ಕಳೊಂದಿಗೆ ರಾಜಿಯಾಗಿ, ನಗುನಗುತ್ತ ಎಲ್ಲ ಮೇಜುಗಳಿಗೂ ಹಂಚುತ್ತ ಬಂದಳು. ನಿನ್ನೆಯಿಂದ ಸಂಪತ್ತನ ಕಣ್ಣು ಆ ಪೈ ಮೇಲೇ ಇತ್ತು. ಅವನಿಗೆ ಒಂದು ಚೂರೂ ಸಿಕ್ಕಿರಲಿಲ್ಲ. ಪಂದ್ಯವಂತೂ ಹೋಯಿತು, ಭಾವನ ವಿದ್ಯೆಯಿಂದ ಪೈ ಆದರೂ ಬರಲಿ ಎಂದು ಅವನು ನಿರ್ಧರಿಸಿದ್ದ. ಅಜ್ಜಿ ಹತ್ತಿರ ಬರುತ್ತಲೇ ಅಂಗೈಯನ್ನು ತಟ್ಟೆಯ ಮೇಲೆ ಕವುಚಿ, ತಲೆಯನ್ನು ಓರೆಮಾಡಿ, ಥೇಟ್ ನವಲಗುಂದದ ದನಿಯಲ್ಲಿ, "ನೋ ನೋ, ಥ್ಯಾಂಕ್ಯೂ" ಎಂದ.

ಅಜ್ಜಿ ನಿಂತಳು. ಅವನನ್ನು ನೋಡಿದಳು, ಅವನ ಹೊಟ್ಟೆಯನ್ನು ನೋಡಿದಳು.

"ಯೂ!" ಎಂದಳು. "ಫ್ರೈಡೇ ಯು ಈಟ್. ಸ್ಯಾಟರ್ಡೇ ಯು ಈಟ್, ಈಟ್, ಈಟ್. ಟುಡೇ ಯು ಫಾಸ್ಟ್. ಗುಡ್!" ಎಂದು ಅವನ ಬೆನ್ನು ತಟ್ಟಿ, ಕೊನೆಯ ಹೋಳನ್ನು ಬಸವಣ್ಣೆಪ್ಪನ ತಟ್ಟೆಗೆ ಹಾಕಿ ಮುಂದೆ ನಡೆದಳು.

"ಭಾವ..." ಎಂದ ಸಂಪತ್, ಆ ಹೋಳನ್ನೇ ನೋಡುತ್ತ.

ಬಸವಣ್ಣೆಪ್ಪ ದೊಡ್ಡ ಮನಸ್ಸಿನವನು. ತಟ್ಟೆಯನ್ನು ಷಡ್ಡಕನ ಮುಂದೆ ಸರಿಸಿ, "ತಿಂತೀ ಏನಪಾ?" ಎಂದ.

ಸಂಪತ್ ಮೊದಲ ಸಲಕ್ಕೇ 'ಹೂಂ' ಎಂದ.